ಡಂಡಾಸ್ ಕಣಿವೆಯಲ್ಲಿ ಸೈಕಲ್: ಮೊದಲು ನೆಲ ನೋಡಿ, ಆಮೇಲೆ ಪೆಡಲ್ ತುಳಿಯಿರಿ

ಬೇಸಿಗೆ ಹತ್ತಿರ ಬಂತೆಂದರೆ ಹ್ಯಾಮಿಲ್ಟನ್ ಸುತ್ತಮುತ್ತಲಿನ ಕನ್ನಡದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಡಂಡಾಸ್ ಕಣಿವೆಯ ಕಾಡಿಗೆ ಸೈಕಲ್ ತಗೊಂಡು ಹೋಗಬಹುದಾ? ಮಕ್ಕಳು ಬರಬಹುದಾ? ಊರಿಂದ ಬಂದಿರುವ ಅಪ್ಪನಿಗೆ ಸೈಕಲ್ ಚೆನ್ನಾಗಿ ಗೊತ್ತು, ಅವರನ್ನೂ ಕರೆದುಕೊಂಡು ಹೋಗಲಾ? ಎಲ್ಲದಕ್ಕೂ ಹೌದು ಅಂತಲೇ ನನ್ನ ಉತ್ತರ. ಆದರೆ ಹೊರಡುವ ಮುಂಚೆ ಒಂದು ಕೆಲಸ ಇದೆ. ಇವತ್ತು ಯಾವ ದಾರಿ ಅಂತ ತೀರ್ಮಾನಿಸುವುದು ನಿಮ್ಮ ಕಾಲಿನ ಶಕ್ತಿಯಲ್ಲ, ಸೈಕಲ್ಲಿನ ಬೆಲೆಯೂ ಅಲ್ಲ. ಅಲ್ಲಿನ ನೆಲ. ಅದು ಒಣಗಿದೆಯಾ, ಮೆತ್ತಗಿದೆಯಾ ಅಂತ ನೋಡಲು ಕಲಿತರೆ ಮಿಕ್ಕಿದ್ದು ತಾನಾಗೇ ಬರುತ್ತದೆ.

ನಾನು ತೀರ್ಥಹಳ್ಳಿ ಕಡೆಯವಳು. ಈಗ ಇರುವುದು ಡಂಡಾಸ್‌ನಲ್ಲಿ, ಕಣಿವೆಯ ಅಂಚಿನಲ್ಲೇ. ಭಾನುವಾರ ಬೆಳಿಗ್ಗೆ ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗುವುದು ನನಗೆ ತುಂಬಾ ಇಷ್ಟದ ಕೆಲಸ. ಅವರಿಗೆ ದಾರಿಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಜಾಗ ಯಾವುದು?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದಲ್ಲಿ ಹ್ಯಾಮಿಲ್ಟನ್ ನಗರ ಇದೆ. ಅದರ ಪಶ್ಚಿಮಕ್ಕೆ ಡಂಡಾಸ್ ಮತ್ತು ಆಂಕಾಸ್ಟರ್ ಊರುಗಳ ನಡುವೆ ಈ ಕಣಿವೆ. ಡಂಡಾಸ್ ವ್ಯಾಲಿ ಕನ್ಸರ್ವೇಶನ್ ಏರಿಯಾ ಅಂತ ಹೆಸರು. ಸುಮಾರು 1,200 ಹೆಕ್ಟೇರ್ ಜಾಗ, 40 ಕಿಲೋಮೀಟರಿನಷ್ಟು ಕಾಡುದಾರಿ. ನಯಾಗರ ಜಲಪಾತ ಬೀಳುವ ಕಲ್ಲಿನ ಅಂಚು ಇದೆಯಲ್ಲ, ನಯಾಗರ ಎಸ್ಕಾರ್ಪ್‌ಮೆಂಟ್, ಅದು ಇಲ್ಲಿ ಒಳಕ್ಕೆ ಬಾಗಿಕೊಂಡು ಈ ಕಣಿವೆಯ ಎರಡೂ ಪಕ್ಕ ನಿಂತಿದೆ. ಆ ಅಂಚನ್ನು ಯುನೆಸ್ಕೊ 1990ರಲ್ಲಿ ಜೀವಗೋಳ ಮೀಸಲು ಅಂತ ಗುರುತಿಸಿತು.

ಕಣಿವೆಯನ್ನು ನೋಡಿಕೊಳ್ಳುವುದು ಹ್ಯಾಮಿಲ್ಟನ್ ಕನ್ಸರ್ವೇಶನ್ ಅಥಾರಿಟಿ. ಒಂಟಾರಿಯೊದಲ್ಲಿ ಇಂಥ ಸಂಸ್ಥೆಗಳಿಗೆ ದಾರಿ ಮಾಡಿಕೊಟ್ಟಿದ್ದು 1946ರ ಕಾಯ್ದೆ. ಒಂದೊಂದು ನದಿಯ ಜಲಾನಯನಕ್ಕೆ ಒಂದೊಂದು ಸಂಸ್ಥೆ. ಕಾಡು ಕಡಿದು ಮಣ್ಣು ಕೊಚ್ಚಿ ಹೋಗುತ್ತಿದ್ದ ಕಾಲ ಅದು. 1954ರಲ್ಲಿ ಹೇಜಲ್ ಚಂಡಮಾರುತ ಬಂದು ಟೊರಾಂಟೊದಲ್ಲಿ ಪ್ರವಾಹವಾಗಿ ಜನ ಸತ್ತ ಮೇಲೆ, ಹೊಳೆಬದಿಯ ಜಮೀನು ಕೊಂಡು ಕಾಯುವ ಕೆಲಸ ಇನ್ನೂ ಜೋರಾಯಿತು. ಅಂದರೆ ಇದು ಮೊದಲು ನೀರು ಮತ್ತು ಮಣ್ಣು ಕಾಯುವ ಜಾಗ. ಆಟದ ಮೈದಾನ ಅಲ್ಲ. ನಮ್ಮ ಸೈಕಲ್‌ಗೆ ಅಲ್ಲಿ ಜಾಗ ಸಿಕ್ಕಿದೆ, ಅಷ್ಟೇ. ಇದು ತಲೆಯಲ್ಲಿದ್ದರೆ ಮುಂದೆ ಹೇಳುವ ನಿಯಮಗಳೆಲ್ಲ ಯಾಕೆ ಅಂತ ಗೊತ್ತಾಗುತ್ತದೆ.

ನೆಲ ಓದುವುದು

ಬಹಳ ಹಿಂದೆ ಇಲ್ಲಿ ಇನ್ನೂ ಆಳವಾದ ಕೊರಕಲು ಇತ್ತು. ಹಿಮನದಿಗಳು ಮಣ್ಣು, ಜೇಡಿ, ಮರಳು, ಕಲ್ಲು ಎಲ್ಲ ತಂದು ಅದನ್ನು ತುಂಬಿಸಿದವು. ಹಾಗಾಗಿ ಕಣಿವೆಯ ಬಹಳಷ್ಟು ಕಡೆ ಕಾಲಡಿಗೆ ಇರುವುದು ಜೇಡಿಮಣ್ಣು. ಒಣಗಿದಾಗ ಸಿಮೆಂಟಿನ ಹಾಗೆ ಗಟ್ಟಿ. ಒದ್ದೆಯಾದರೆ ಟೈರಿಗೆ ಮೆತ್ತಿಕೊಂಡು ಚಕ್ರ ತಿರುಗಲು ಬಿಡುವುದಿಲ್ಲ.

ಮಲೆನಾಡಿನಲ್ಲಿ ಬೆಳೆದವರಿಗೆ ಕೆಸರು ಹೊಸದಲ್ಲ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ದಾರಿ ಒಣಗುತ್ತದೆ ಅನ್ನುವುದು ನಮ್ಮ ಲೆಕ್ಕ. ಇಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಚಳಿಗಾಲದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ಬಿಸಿಲು ಬಂದಾಗ ಮೇಲಿನ ಕೆಲವು ಅಂಗುಲ ಮಾತ್ರ ಕರಗುತ್ತದೆ, ಕೆಳಗೆ ಇನ್ನೂ ಮಂಜುಗಡ್ಡೆ. ಕರಗಿದ ನೀರಿಗೆ ಇಂಗಲು ದಾರಿ ಇಲ್ಲ. ಮಳೆಯೇ ಬಾರದಿದ್ದರೂ, ಆಕಾಶ ನೀಲಿ ಇದ್ದರೂ, ದಾರಿ ಮಾತ್ರ ಗೊಜ್ಜಾಗಿರುತ್ತದೆ. ಊರಿಂದ ಹೊಸದಾಗಿ ಬಂದವರಿಗೆ ಇದನ್ನು ನಂಬುವುದು ಕಷ್ಟ. ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ನೋಡಿ ಸೈಕಲ್ ಹೊರಗೆ ತೆಗೆಯುತ್ತಾರೆ.

ಪರೀಕ್ಷೆ ಸುಲಭ. ಮಣ್ಣಿನ ದಾರಿಯ ಮೇಲೆ ಹತ್ತು ಹೆಜ್ಜೆ ಸೈಕಲ್ ತಳ್ಳಿ, ತಿರುಗಿ ನೋಡಿ. ಟೈರಿನ ಗುರುತು ಸುಮ್ನೆ ಮೇಲೆ ಮೂಡಿದ್ದರೆ ಪರವಾಗಿಲ್ಲ. ಗೀರು ಒಳಗೆ ಇಳಿದಿದ್ದರೆ, ಶೂ ಊರಿದ ಕಡೆ ನೀರು ಒಸರಿದರೆ, ಅವತ್ತು ಆ ದಾರಿ ಬೇಡ. ವಾಪಸ್ ಬಂದು ರೈಲು ಹಳಿಯ ದಾರಿ ಹಿಡಿಯಿರಿ, ಅದರ ವಿಷಯ ಮುಂದೆ ಹೇಳುತ್ತೇನೆ. ಒಬ್ಬರ ಚಕ್ರ ಮಾಡಿದ ಗೀರಿನಲ್ಲಿ ಮುಂದಿನ ಮಳೆಯ ನೀರು ಹರಿಯುತ್ತದೆ, ಅದು ಕಾಲುವೆಯಾಗುತ್ತದೆ. ಆಮೇಲೆ ಬಂದವರು ಕೆಸರು ತಪ್ಪಿಸಲು ಪಕ್ಕದ ಗಿಡಗಳ ಮೇಲೆ ಹೋಗುತ್ತಾರೆ. ಒಂದು ಮಾರು ಅಗಲದ ದಾರಿ ಒಂದೇ ವಸಂತದಲ್ಲಿ ಮೂರು ಮಾರಾಗುತ್ತದೆ. ಅಂಚಿನಲ್ಲಿ ಆಗ ತಾನೇ ಏಳುತ್ತಿದ್ದ ಟ್ರಿಲಿಯಂ ಹೂವಿನ ಗಿಡಗಳು ತುಳಿತಕ್ಕೆ ಸಿಗುತ್ತವೆ. ಟ್ರಿಲಿಯಂ ಒಂಟಾರಿಯೊದ ಪ್ರಾಂತ್ಯದ ಹೂವು. ಬೀಜದಿಂದ ಮೊದಲ ಹೂವು ಬಿಡಲು ಅದಕ್ಕೆ ಏಳೆಂಟು ವರ್ಷ ಬೇಕು. ಕೊಚ್ಚಿಹೋದ ಮಣ್ಣು ಸಲ್ಫರ್ ಕ್ರೀಕ್, ಸ್ಪೆನ್ಸರ್ ಕ್ರೀಕ್ ಹಿಡಿದು ಕೂಟ್ಸ್ ಪ್ಯಾರಡೈಸ್ ಅನ್ನುವ ಜೌಗಿಗೆ ಸೇರುತ್ತದೆ. ಅಲ್ಲಿ ಮೀನು ಮೊಟ್ಟೆ ಇಡುತ್ತವೆ. ನಮ್ಮ ಒಂದು ಗಂಟೆಯ ಖುಷಿ ಅಲ್ಲಿವರೆಗೆ ಮುಟ್ಟುತ್ತದೆ.

ದಾರಿಯ ನಡುವೆ ಚಿಕ್ಕ ಕೆಸರುಗುಂಡಿ ಸಿಕ್ಕರೆ ಅದರ ಮಧ್ಯದಲ್ಲೇ ನಿಧಾನವಾಗಿ ಹೋಗಿ, ಇಲ್ಲವೇ ಇಳಿದು ನಡೆಯಿರಿ. ಪಕ್ಕದ ಕಾಡಿಗೆ ಮಾತ್ರ ನುಗ್ಗಬೇಡಿ. ಶೂ ತೊಳೆಯಬಹುದು ಅಲ್ವಾ?

ವರ್ಷದ ಲೆಕ್ಕ ಸ್ಥೂಲವಾಗಿ ಹೀಗೆ. ಮಾರ್ಚ್‌ನಿಂದ ಏಪ್ರಿಲ್ ಕೊನೆಯವರೆಗೆ ಮಣ್ಣಿನ ದಾರಿಗಳಿಗೆ ವಿಶ್ರಾಂತಿ ಕೊಡಿ. ಮೇ ಎರಡನೇ ವಾರದ ಹೊತ್ತಿಗೆ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಜೋರು ಮಳೆಯ ಮರುದಿನ ಒಂದನ್ನು ಬಿಟ್ಟು. ಅಕ್ಟೋಬರ್ ಮಧ್ಯದಲ್ಲಿ ಮೇಪಲ್ ಎಲೆ ಕೆಂಪಾದಾಗ ಕಣಿವೆ ನೋಡಲು ಎರಡು ಕಣ್ಣು ಸಾಲದು, ಆದರೆ ಜನವೂ ಜಾಸ್ತಿ. ಆಗ ವಾರದ ದಿನ ಹೋಗಿ, ಇಲ್ಲವೇ ಬೆಳಗಾಗುತ್ತಿದ್ದಂತೆ ಹೋಗಿ. ಚಳಿಗಾಲದಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿದ್ದಾಗ ದಪ್ಪ ಟೈರಿನ ಫ್ಯಾಟ್ ಬೈಕ್‌ನವರು ಬರುತ್ತಾರೆ. ಹೊಸಬರಿಗೆ ಆ ಸಮಯ ಬೇಡ.

ಯಾವ ದಾರಿಯಿಂದ ಶುರು ಮಾಡುವುದು?

ಮೊದಲನೆಯ ಸಲ ಯಾರೇ ಬರಲಿ, ನಾನು ಕರೆದುಕೊಂಡು ಹೋಗುವುದು ಹ್ಯಾಮಿಲ್ಟನ್-ಬ್ರಾಂಟ್‌ಫರ್ಡ್ ರೈಲ್ ಟ್ರೇಲ್‌ಗೆ. ಟೊರಾಂಟೊ, ಹ್ಯಾಮಿಲ್ಟನ್ ಆ್ಯಂಡ್ ಬಫಲೊ ರೈಲ್ವೆ ಅನ್ನುವ ಕಂಪನಿಯ ಹಳಿ ಇಲ್ಲಿತ್ತು. ಹಳಿ ಕಿತ್ತ ಮೇಲೆ ಅದೇ ಏರಿಯ ಮೇಲೆ ಕಲ್ಲುಪುಡಿ ಹಾಕಿ ದಮ್ಮಸು ಮಾಡಿ, 1996ರಲ್ಲಿ ದಾರಿ ತೆರೆದರು. ಎರಡು ಊರುಗಳ ನಡುವೆ 32 ಕಿಲೋಮೀಟರ್, ಕಾರುಗಳ ಕಾಟವಿಲ್ಲ. ಜಲ್ಲಿಯ ತಳಪಾಯ ಇರುವುದರಿಂದ ನೀರು ಬೇಗ ಇಳಿಯುತ್ತದೆ. ಮಳೆ ಬಂದ ಮರುದಿನವೂ ಇಲ್ಲಿ ಧಾರಾಳವಾಗಿ ಓಡಿಸಬಹುದು.

ಹ್ಯಾಮಿಲ್ಟನ್ ಕಡೆಯ ತುದಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಹತ್ತಿರ, ಯೂವನ್ ರಸ್ತೆಯಲ್ಲಿದೆ. ಅಲ್ಲಿಂದ ಕಣಿವೆಯ ನಡುವಿನ ಟ್ರೇಲ್ ಸೆಂಟರ್‌ಗೆ ಸುಮಾರು ಆರು ಕಿಲೋಮೀಟರ್. ಟ್ರೇಲ್ ಸೆಂಟರ್ ಕಟ್ಟಡವನ್ನು ಹಳೆಯ ರೈಲು ನಿಲ್ದಾಣದ ಮಾದರಿಯಲ್ಲಿ ಕಟ್ಟಿದ್ದಾರೆ, ಪಕ್ಕದಲ್ಲಿ ಹಳೆಯ ಬೋಗಿಗಳೂ ನಿಂತಿವೆ. ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಒಂದು ವಿಷಯ ಗಮನದಲ್ಲಿ ಇರಲಿ. ರೈಲು ದಾರಿ ಕಣ್ಣಿಗೆ ಮಟ್ಟಸವಾಗಿ ಕಂಡರೂ ಹ್ಯಾಮಿಲ್ಟನ್‌ನಿಂದ ಪಶ್ಚಿಮಕ್ಕೆ ಹೋಗುವಾಗ ಅದು ಏರು. ಇಡೀ ಎಸ್ಕಾರ್ಪ್‌ಮೆಂಟನ್ನು ಸಣ್ಣ ಇಳಿಜಾರಿನಲ್ಲಿ ಹತ್ತಿಸಿದ್ದಾರೆ. 'ಯಾಕೋ ಇವತ್ತು ಕಾಲು ಸೋತಿದೆ' ಅಂತ ನಿಮಗನ್ನಿಸಿದರೆ ಅದು ಕಾಲಿನ ತಪ್ಪಲ್ಲ. ಹೋಗುವಾಗ ಹತ್ತಿದ್ದು ಬರುವಾಗ ಇಳಿಜಾರಾಗಿ ಸಿಗುತ್ತದೆ, ಆದ್ದರಿಂದ ಯೂವನ್ ರಸ್ತೆಯಿಂದ ಶುರು ಮಾಡುವುದು ವಯಸ್ಸಾದವರಿಗೂ ಮಕ್ಕಳಿಗೂ ಒಳ್ಳೆಯದು. ಸುಸ್ತಾದಾಗ ಮನೆಯ ದಾರಿ ಇಳಿಜಾರಿರುತ್ತದೆ. ದಾರಿ ಕೆಲವು ಕಡೆ ಡಾಂಬರು ರಸ್ತೆ ದಾಟುತ್ತದೆ. ಅಲ್ಲಿ ಎಲ್ಲರೂ ಇಳಿದು, ಎರಡೂ ಕಡೆ ನೋಡಿ, ತಳ್ಳಿಕೊಂಡು ದಾಟಿ. ಕಾರು ಇಲ್ಲಿ ಮೊದಲು ಎಡದಿಂದ ಬರುತ್ತದೆ. ಊರಿನ ಅಭ್ಯಾಸದಲ್ಲಿ ನಮ್ಮ ಕತ್ತು ಮೊದಲು ಬಲಕ್ಕೆ ತಿರುಗುತ್ತದೆ.

ರೈಲು ದಾರಿ ಸಲೀಸಾದ ಮೇಲೆ ಮೇನ್ ಲೂಪ್. ಟ್ರೇಲ್ ಸೆಂಟರ್‌ನಿಂದ ಹೊರಟು ಅಲ್ಲಿಗೇ ಬರುವ, ಮೂರೂವರೆ ಕಿಲೋಮೀಟರಿನಷ್ಟು ಸುತ್ತು. ದೂರ ಕಡಿಮೆ, ಆದರೆ ಏರಿಳಿತ ಇದೆ, ಬೇರು ಇದೆ, ಮಣ್ಣಿದೆ. ಇದೇ ನಿಜವಾದ ಪಾಠಶಾಲೆ. ಈ ಭಾಗದಲ್ಲೇ ಹರ್ಮಿಟೇಜ್ ಅನ್ನುವ ಪಾಳುಮನೆ ಸಿಗುತ್ತದೆ. 1855ರಲ್ಲಿ ಲೀತ್ ಕುಟುಂಬದವರು ಕಟ್ಟಿಸಿದ ಕಲ್ಲಿನ ದೊಡ್ಡ ಮನೆ. 1934ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ಮನೆಯ ಮಗಳು ಆಲ್ಮಾ ಡಿಕ್-ಲಾಡರ್ ಬೇರೆ ಕಡೆ ಹೋಗಲಿಲ್ಲ. ಆ ಗೋಡೆಗಳ ನಡುವೆಯೇ ಪುಟ್ಟ ಮನೆ ಕಟ್ಟಿಕೊಂಡು 1942ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅಲ್ಲಿ ಸೈಕಲ್ ಪಕ್ಕಕ್ಕೆ ಇಟ್ಟು ನಡೆದೇ ನೋಡಿ. ಗೋಡೆ ಹತ್ತಬೇಡಿ.

ಇನ್ನೊಂದು ಮನೆಯನ್ನೂ ನೋಡದೆ ಬರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಿನರಲ್ ಸ್ಪ್ರಿಂಗ್ಸ್ ರಸ್ತೆಯಲ್ಲಿ ಗ್ರಿಫಿನ್ ಹೌಸ್ ಅಂತ ಒಂದು ಚಿಕ್ಕ ಮರದ ಮನೆ ಇದೆ. ಅಮೆರಿಕದ ವರ್ಜೀನಿಯಾದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಎನೆರಲ್ಸ್ ಗ್ರಿಫಿನ್ 1834ರಲ್ಲಿ ಈ ಮನೆಯನ್ನೂ ಜಮೀನನ್ನೂ ಕೊಂಡರು. ಅವರ ಕುಟುಂಬ ಸುಮಾರು 150 ವರ್ಷ ಈ ನೆಲವನ್ನು ಉಳಿಸಿಕೊಂಡಿತ್ತು. ಹರ್ಮಿಟೇಜ್‌ನ ಮುಂದೆ ಫೋಟೊ ತೆಗೆಸಿಕೊಳ್ಳುವ ಜನ ಇಲ್ಲಿಗೆ ಬರುವುದು ಕಡಿಮೆ. ನನಗೆ ಕಣಿವೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ಇದೇ.

ಮೇನ್ ಲೂಪ್ ಎರಡು ದಿಕ್ಕಿನಲ್ಲೂ ಕಾಲು ಊರದೆ ಮುಗಿಸುವಷ್ಟು ಕೈ ಕುದುರಿದರೆ ಆಗ ಹೆಡ್‌ವಾಟರ್ಸ್, ಮೊನಾರ್ಕ್ ಕಡೆ ಹೋಗಿ. ಹೆಡ್‌ವಾಟರ್ಸ್ ಪಶ್ಚಿಮದ ಉದ್ದ ಸುತ್ತು, ಅರ್ಧ ದಿನ ಕೈಯಲ್ಲಿರಲಿ. ಈ ದಾರಿಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಆದ್ದರಿಂದ ಟ್ರೇಲ್ ಸೆಂಟರ್‌ನ ನಕ್ಷೆಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೊರಡಿ.

ಬ್ರೂಸ್ ಟ್ರೇಲ್‌ಗೆ ಮಾತ್ರ ಸೈಕಲ್ ಇಳಿಸಬೇಡಿ. ನಯಾಗರದಿಂದ ಟೊಬರ್‌ಮೊರಿವರೆಗೆ ಸುಮಾರು 900 ಕಿಲೋಮೀಟರ್ ಹೋಗುವ ಆ ದಾರಿ ಈ ಕಣಿವೆಯ ಮೂಲಕವೂ ಹಾದುಹೋಗುತ್ತದೆ. ಅದು ನಡೆಯುವವರಿಗೇ ಮೀಸಲು. ಗುರುತು ಹಿಡಿಯುವುದು ಸುಲಭ: ಮರದ ಮೇಲೆ ನೆಟ್ಟಗೆ ಬಳಿದ ಬಿಳಿ ಬಣ್ಣದ ಪಟ್ಟಿ ಅಂದರೆ ಮುಖ್ಯ ದಾರಿ, ನೀಲಿ ಪಟ್ಟಿ ಅಂದರೆ ಅದರ ಕವಲು. ಕೆಲವು ಕಡೆ ಎಲ್ಲರೂ ಬಳಸುವ ಅಗಲದ ದಾರಿಯ ಮೇಲೂ ಬಿಳಿ ಪಟ್ಟಿ ಕಾಣುತ್ತದೆ, ಅಲ್ಲಿ ತೊಂದರೆ ಇಲ್ಲ. ಬಿಳಿ ಪಟ್ಟಿ ಒಂದೇ ಕಿರಿದಾದ ಕಾಲುದಾರಿಗೆ ತಿರುಗಿತು ಅಂದರೆ ನೀವು ಅದರ ಹಿಂದೆ ಹೋಗಬೇಡಿ.

ಸೈಕಲ್ ಮತ್ತು ಬ್ರೇಕ್

ದುಬಾರಿ ಸೈಕಲ್ ಬೇಕಿಲ್ಲ. ರೈಲು ದಾರಿಗೆ ಡಾಂಬರಿಗೂ ಕಚ್ಚಾದಾರಿಗೂ ಹೊಂದುವ ಯಾವ ಹೈಬ್ರಿಡ್ ಸೈಕಲ್ ಆದರೂ ಸಾಕು. ಮೇನ್ ಲೂಪ್‌ಗೆ ಮುಂದೆ ಸಸ್ಪೆನ್ಷನ್ ಇರುವ ಸಾಧಾರಣ ಮೌಂಟನ್ ಬೈಕ್ ಚೆನ್ನಾಗಿ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಚಕ್ರವನ್ನು ಎತ್ತಿ ತಿರುಗಿಸಿ ಅಲ್ಲಾಡುತ್ತಿದೆಯಾ ನೋಡಿ, ಎರಡೂ ಬ್ರೇಕ್ ಹಿಡಿದು ಮುಂದೆ ತಳ್ಳಿ ನೋಡಿ, ಚೈನಿಗೆ ತುಕ್ಕು ಹಿಡಿದಿದೆಯಾ ನೋಡಿ. ಎಲ್ಲಕ್ಕಿಂತ ಮುಖ್ಯ ಅಳತೆ. ಸೀಟಿನ ಮುಂದೆ ನಡುವಿನ ಕೊಳವೆಯ ಮೇಲೆ ಕಾಲು ಹಾಯಿಸಿ ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಬೆಳೆಯುವ ಮಗುವಿಗೆ ಅಂತ ಒಂದು ಅಳತೆ ದೊಡ್ಡದು ತಂದುಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ಕಾಡುದಾರಿಗೆ ಅದು ಬೇಡವೇ ಬೇಡ.

ಈಗ ಬಹಳ ಮುಖ್ಯವಾದ ಮಾತು. ಭಾರತದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಎಡಗೈ ಹಿಂದಿನದಕ್ಕೆ. ಕೆನಡಾದಲ್ಲಿ ಅದು ಉಲ್ಟಾ. ಎಡಗೈಯದೇ ಮುಂದಿನ ಬ್ರೇಕ್. ಊರಿನಲ್ಲಿ ಜೀವನವಿಡೀ ಸೈಕಲ್ ತುಳಿದ ಹಿರಿಯರಿಗೆ ಇಲ್ಲಿ ಇಳಿಜಾರಿನಲ್ಲಿ ಅಪಾಯ ಇರುವುದು ಇದರಿಂದಲೇ. ಗಾಬರಿಯಾದಾಗ ಕೈ ಹಳೆಯ ಅಭ್ಯಾಸದಂತೆ ಎಡಕ್ಕೆ ಬಲ ಹಾಕುತ್ತದೆ, ಮುಂದಿನ ಚಕ್ರ ಹಿಡಿದುಕೊಳ್ಳುತ್ತದೆ, ಆಳು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಾರೆ. ಅದಕ್ಕೇ ನಾನು ಹೊಸಬರನ್ನು ಮೊದಲು ಪಾರ್ಕಿಂಗ್ ಜಾಗದಲ್ಲೇ ನಾಲ್ಕಾರು ಸುತ್ತು ಹೊಡೆಸುತ್ತೇನೆ. ಮೆಲ್ಲಗೆ ಬನ್ನಿ, ಬಲಗೈ ಒಂದರಲ್ಲೇ ನಿಲ್ಲಿಸಿ. ಮತ್ತೆ ಬನ್ನಿ, ಎರಡರಲ್ಲೂ ಸಮವಾಗಿ ಹಿಡಿದು ನಿಲ್ಲಿಸಿ. ಕೈಗೆ ಅದು ಕೂತ ಮೇಲೆ ಕಾಡಿಗೆ ಹೋಗೋಣ. ಇದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಯಾರೇ ಅವಸರ ಮಾಡಿದರೂ ಇದನ್ನು ಬಿಡಬೇಡಿ.

ಟೈರಿಗೆ ಗಾಳಿ ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವುದು ಡಾಂಬರು ರಸ್ತೆಯ ಮಾತು. ಮಣ್ಣಿನಲ್ಲಿ ಸ್ವಲ್ಪ ಕಡಿಮೆ ಇದ್ದರೆ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಬೇರಿನ ಮೇಲೆ ಪುಟಿಯುವುದಿಲ್ಲ. ಎರಡು ಅಂಗುಲಕ್ಕಿಂತ ದಪ್ಪದ ಟೈರಿಗೆ, ಸಾಧಾರಣ ತೂಕದವರಿಗೆ, ಒಳಗೆ ಟ್ಯೂಬ್ ಇದ್ದರೆ 28ರಿಂದ 35 ಪಿಎಸ್‌ಐ ಸಾಕು. ಅದಕ್ಕಿಂತ ಕೆಳಗೆ ಹೋದರೆ ಕಲ್ಲಿಗೆ ಬಡಿದು ಟ್ಯೂಬ್ ಕಚ್ಚಿಕೊಂಡು ಪಂಕ್ಚರ್ ಆಗಬಹುದು. ಒಂದು ಟ್ಯೂಬ್, ಪುಟ್ಟ ಪಂಪು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ಅಲೆನ್ ಕೀ ಇಷ್ಟು ಚೀಲದಲ್ಲಿ ಇರಲಿ. ಕಾಡಿನ ನಡುವೆ ಪಂಕ್ಚರ್ ಅಂಗಡಿ ಸಿಗುವುದಿಲ್ಲ, ಹಾಗಾಗಿ ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕಲಿತು ಬನ್ನಿ.

ಬೆಲ್ ಇರಲೇಬೇಕು. ಒಂಟಾರಿಯೊದಲ್ಲಿ 18 ವರ್ಷದೊಳಗಿನವರು ರಸ್ತೆಯಲ್ಲಿ ಸೈಕಲ್ ಓಡಿಸುವಾಗ ಹೆಲ್ಮೆಟ್ ಹಾಕುವುದು ಕಾನೂನು. ದೊಡ್ಡವರಿಗೆ ಕಾನೂನಿಲ್ಲ, ಆದರೆ ನನ್ನ ಜೊತೆ ಬರುವವರು ಹೆಲ್ಮೆಟ್ ಇಲ್ಲದೆ ಹೊರಡುವಂತಿಲ್ಲ. ಚೂಡಿದಾರ್ ಹಾಕಿ ಬರುವ ಅಕ್ಕಂದಿರೇ, ಬನ್ನಿ, ಏನೂ ತೊಂದರೆ ಇಲ್ಲ. ದುಪಟ್ಟಾ ಮಾತ್ರ ಕಾರಿನಲ್ಲಿ ಬಿಡಿ. ಬಲಗಾಲಿನ ಪ್ಯಾಂಟ್ ಚೈನಿಗೆ ಸಿಗದ ಹಾಗೆ ಕಾಲ್ಚೀಲದೊಳಗೆ ಸೇರಿಸಿ.

ಓಡಿಸುವ ರೀತಿ

ಇಳಿಜಾರು ಬಂದಾಗ ಸೀಟಿನಿಂದ ಸ್ವಲ್ಪ ಎದ್ದು, ಎರಡೂ ಪೆಡಲ್ ಸಮಮಟ್ಟಕ್ಕೆ ತಂದು, ಮೊಣಕಾಲು ಮೊಣಕೈ ಸಡಿಲ ಬಿಡಿ. ಸೊಂಟ ಹಿಂದಕ್ಕೆ. ಒಂದೊಂದೇ ಬೆರಳು ಎರಡೂ ಬ್ರೇಕಿನ ಮೇಲೆ ಇರಲಿ. ವೇಗ ಕಡಿಮೆ ಮಾಡುವ ಕೆಲಸ ತಿರುವಿನ ಮುಂಚೆಯೇ ಮುಗಿಯಬೇಕು. ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಹಿಂದಿನ ಚಕ್ರ ಎಳೆದುಕೊಂಡು ಕರಕರ ಅಂತ ಮಣ್ಣು ಕೆರೆಯುವುದು ಹುಡುಗರಿಗೆ ಮಜಾ ಅನ್ನಿಸುತ್ತದೆ. ದಾರಿಯನ್ನು ಕೆರೆದು ಹಾಕುವುದು ಅದೇ, ಬಿಡಿಸಿ.

ಕಣ್ಣು ಮುಂದಿನ ಚಕ್ರದ ಮೇಲಲ್ಲ, ಎಂಟು ಹತ್ತು ಮಾರು ಮುಂದೆ. ಯಾವ ಕಲ್ಲನ್ನು ದಿಟ್ಟಿಸುತ್ತೀರೋ ಸೈಕಲ್ ಆ ಕಲ್ಲಿಗೇ ಹೋಗುತ್ತದೆ. ಬೇರುಗಳನ್ನು ನೇರವಾಗಿ ಅಡ್ಡ ದಾಟಿ. ಓರೆಯಾಗಿ ಹೋದರೆ, ಅದರಲ್ಲೂ ಒದ್ದೆ ಬೇರಿನ ಮೇಲೆ, ಚಕ್ರ ಪಕ್ಕಕ್ಕೆ ಜಾರುತ್ತದೆ. ಮರದ ಸೇತುವೆಯೂ ಹಾಗೇ. ಬೆಳಗಿನ ಇಬ್ಬನಿ ಬಿದ್ದಿದ್ದರೆ ಅದರ ಮೇಲೆ ತಿರುಗಿಸಬೇಡಿ, ಬ್ರೇಕ್ ಹಾಕಬೇಡಿ, ಮೊದಲೇ ನಿಧಾನ ಮಾಡಿ ನೇರ ದಾಟಿ. ಏರು ಬರುವ ಮುಂಚೆಯೇ ಹಗುರ ಗೇರಿಗೆ ಬನ್ನಿ. ಅರ್ಧ ಏರಿನಲ್ಲಿ ಬಲ ಹಾಕುತ್ತಾ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ.

ಅಕ್ಟೋಬರ್‌ನಲ್ಲಿ ಇನ್ನೊಂದು ಸಂಗತಿ. ಎಲೆ ಬಿದ್ದು ದಾರಿ ಮುಚ್ಚಿರುತ್ತದೆ, ಬೇರು ಕಲ್ಲು ಕಾಣುವುದಿಲ್ಲ. ಜೊತೆಗೆ ಕಪ್ಪು ವಾಲ್‌ನಟ್ ಕಾಯಿ, ಓಕ್ ಮರದ ಕಾಯಿ ಉದುರಿರುತ್ತವೆ. ನಿಂಬೆಹಣ್ಣಿನ ಗಾತ್ರದ ವಾಲ್‌ನಟ್ ಟೈರಿನ ಅಡಿಗೆ ಸಿಕ್ಕರೆ ಸೈಕಲ್ ತಟ್ಟನೆ ವಾಲುತ್ತದೆ. ಬೇಸಿಗೆಯಲ್ಲಿ ಎಷ್ಟೇ ಚೆನ್ನಾಗಿ ಗೊತ್ತಿದ್ದ ಇಳಿಜಾರಾದರೂ ಆಗ ಅರ್ಧ ವೇಗದಲ್ಲಿ ಇಳಿಯಿರಿ. ಗಾಳಿ ಜೋರಾಗಿರುವ ದಿನ ಕಾಡಿಗೆ ಹೋಗುವುದೇ ಬೇಡ. ಪಚ್ಚೆ ಬಣ್ಣದ ಒಂದು ಕೊರಕ ಹುಳ, ಎಮರಾಲ್ಡ್ ಆ್ಯಶ್ ಬೋರರ್, ಒಂಟಾರಿಯೊದ ಆ್ಯಶ್ ಮರಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದಿದೆ. ಒಣಗಿ ನಿಂತ ಮರದ ಕೊಂಬೆ ಯಾವಾಗ ಬೀಳುತ್ತದೆ ಹೇಳಲಾಗದು.

ದಾರಿ ಎಲ್ಲರದು

ಇಲ್ಲಿ ಬಲಕ್ಕೆ ಇರಬೇಕು, ಎಡದಿಂದ ಮುಂದೆ ಹೋಗಬೇಕು. ಎದುರಿಗೆ ಯಾರಾದರೂ ಬಂದಾಗ ನಮ್ಮ ಕೈ ಎಡಕ್ಕೇ ತಿರುಗಿಸುತ್ತದೆ, ಅವರೂ ಆ ಕಡೆಗೇ ಬರುತ್ತಾರೆ. ಗುಂಪಿನಲ್ಲಿ ಹೋಗುವಾಗ ಮುಂದಿರುವವರು 'ಬಲಕ್ಕೆ, ಬಲಕ್ಕೆ' ಅಂತ ಕೂಗಿ ಹೇಳಲಿ.

ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್‌ನವರು ದಾರಿ ಬಿಡಬೇಕು. ಹಿಂದಿನಿಂದ ಹೋಗುವಾಗ ಸ್ವಲ್ಪ ದೂರದಲ್ಲೇ ಒಮ್ಮೆ ಬೆಲ್ ಮಾಡಿ, 'ಆನ್ ಯುವರ್ ಲೆಫ್ಟ್' ಅಂತ ಹೇಳಿ, ಅವರು ತಿರುಗಿ ನೋಡಿದ ಮೇಲೆ ನಿಧಾನವಾಗಿ ಮುಂದೆ ಹೋಗಿ. ನಾಯಿ ಇದ್ದರೆ ಇನ್ನೂ ನಿಧಾನ.

ಕುದುರೆಗಳ ವಿಷಯ ನಮ್ಮವರಿಗೆ ಹೊಸದು. ಈ ಕಣಿವೆಯಲ್ಲಿ ಕುದುರೆ ಸವಾರರು ಬರುತ್ತಲೇ ಇರುತ್ತಾರೆ. ಕುದುರೆಗೆ ಸದ್ದಿಲ್ಲದೆ ಬರುವ ಸೈಕಲ್ ಅಂದರೆ ಭಯ. ಬೆಲ್ ಬಾರಿಸಬೇಡಿ. ದೂರದಲ್ಲೇ ನಿಂತು, ಇಳಿದು, ಸವಾರರ ಜೊತೆ ಮಾತಾಡಿ. ಮನುಷ್ಯರ ದನಿ ಕೇಳಿದರೆ ಇದೊಂದು ಆಳು ಅಂತ ಕುದುರೆಗೆ ತಿಳಿಯುತ್ತದೆ, ಸಮಾಧಾನವಾಗುತ್ತದೆ. ಯಾವ ಕಡೆ ನಿಲ್ಲಲಿ ಅಂತ ಸವಾರರನ್ನೇ ಕೇಳಿ. ಮಕ್ಕಳು ಖುಷಿಯಲ್ಲಿ ಕೂಗಿಕೊಂಡು ಹತ್ತಿರ ಓಡದಂತೆ ಮೊದಲೇ ಹೇಳಿಡಿ.

ನವೆಂಬರ್, ಡಿಸೆಂಬರ್‌ನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಹೌಡೆನೊಸೌನಿ ಜನರು ತಮ್ಮ ಒಪ್ಪಂದದ ಹಕ್ಕಿನಂತೆ ಕಣಿವೆಯ ಒಂದು ಭಾಗದಲ್ಲಿ ಜಿಂಕೆ ಬೇಟೆಗೆ ಬರುತ್ತಾರೆ. ಇದು ಅವರ ನೆಲದ ಹಳೆಯ ಸಂಬಂಧ. ಆ ದಿನಗಳಲ್ಲಿ ಎಲ್ಲಿ ಪ್ರವೇಶ ಇಲ್ಲ ಅಂತ ಫಲಕ ಹಾಕಿರುತ್ತಾರೆ. ಹೊರಡುವ ಮುಂಚೆ ಓದಿ, ಆ ಭಾಗ ಬಿಟ್ಟು ಓಡಿಸಿ.

ಉಣುಗು ಮತ್ತು ಮೂರೆಲೆ ಗಿಡ

ಶಿವಮೊಗ್ಗ ಜಿಲ್ಲೆಯವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದೇ ಉಣುಗಿನಿಂದ. ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬೇರೆ ನೆನೆಸುವ ಅಭ್ಯಾಸ ನಮ್ಮ ಕಡೆ ಇದೆ. ಅದನ್ನೇ ಇಲ್ಲೂ ಮುಂದುವರಿಸಿ. ಇಲ್ಲಿನ ಕಪ್ಪುಕಾಲಿನ ಉಣುಗು ತರುವುದು ಲೈಮ್ ಕಾಯಿಲೆ. ಹ್ಯಾಮಿಲ್ಟನ್ ಸುತ್ತಲಿನ ಪ್ರದೇಶವನ್ನು ಸರ್ಕಾರದ ನಕ್ಷೆಯಲ್ಲಿ ಅಪಾಯ ಇರುವ ಜಾಗ ಅಂತ ಗುರುತಿಸಿದ್ದಾರೆ. ಉಷ್ಣಾಂಶ 4 ಡಿಗ್ರಿ ದಾಟಿದರೆ ಉಣುಗು ಓಡಾಡುತ್ತದೆ, ಅಂದರೆ ಬೇಸಿಗೆಯಲ್ಲಿ ಮಾತ್ರ ಅಂತ ತಿಳಿಯಬೇಡಿ.

ತಿಳಿಬಣ್ಣದ ಬಟ್ಟೆ ಹಾಕಿ, ಉಣುಗು ಹರಿಯುವುದು ಕಾಣುತ್ತದೆ. ಉಣುಗನ್ನು ದೂರ ಇಡುವ, ಡೀಟ್ ಅಥವಾ ಇಕಾರಿಡಿನ್ ಇರುವ ಸ್ಪ್ರೇ ಕಾಲಿಗೆ ಹೊಡೆದುಕೊಳ್ಳಿ. ಹುಲ್ಲಿನಲ್ಲಿ ಕೂರಬೇಡಿ, ಬೆಂಚಿನಲ್ಲಿ ಕೂರಿ. ಮನೆಗೆ ಬಂದ ಕೂಡಲೇ ಸ್ನಾನ. ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಗೂದಲು, ಎಲ್ಲ ಕೈಯಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ತಲೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಆಮೇಲೆ ಔಷಧಿ ಅಂಗಡಿಗೆ ಹೋಗಿ. ಒಂಟಾರಿಯೊದಲ್ಲಿ 2023ರಿಂದ ಉಣುಗು ಕಚ್ಚಿದಾಗ ಲೈಮ್ ಬಾರದಂತೆ ತಡೆಯುವ ಮಾತ್ರೆ ಬೇಕಾ ಅಂತ ನೋಡಿ ಬರೆದುಕೊಡುವ ಅಧಿಕಾರ ಫಾರ್ಮಸಿಸ್ಟ್‌ಗಳಿಗೇ ಇದೆ. ಕಚ್ಚಿದ ಉಣುಗು ಕಿತ್ತು 72 ಗಂಟೆಯೊಳಗೆ ಆ ಮಾತ್ರೆ ತೆಗೆದುಕೊಳ್ಳಬೇಕು, ಹಾಗಾಗಿ ನೋಡೋಣ ಅಂತ ಕಾಯಬೇಡಿ.

ಪಾಯ್ಸನ್ ಐವಿ ದಾರಿಯ ಅಂಚಿನಲ್ಲೇ ಬೆಳೆಯುತ್ತದೆ. ಒಂದು ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಮಾತ್ರ ಉದ್ದ. ಅದರ ಎಣ್ಣೆ ತಾಗಿದರೆ ಚರ್ಮ ಉರಿದು ಗುಳ್ಳೆ ಏಳುತ್ತದೆ. ಊರಿನ ಗೇರುಸೊನೆ ತಾಗಿದವರಿಗೆ ಆ ಉರಿ ಗೊತ್ತಿರುತ್ತದೆ, ಎರಡೂ ಒಂದೇ ಕುಟುಂಬದ ಗಿಡಗಳು. ತಾಗಿದ ತಕ್ಷಣ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಎಣ್ಣೆ ಗ್ಲೌಸ್, ಹ್ಯಾಂಡಲ್, ಶೂ ಲೇಸಿನ ಮೇಲೂ ಉಳಿದಿರುತ್ತದೆ, ಅವನ್ನೂ ತೊಳೆಯಿರಿ.

ಹೋಗಿ ಬರುವುದು

ಕಾರಿನಲ್ಲಿ ಹೋದರೆ ಗವರ್ನರ್ಸ್ ರಸ್ತೆಯ ಕಡೆಯಿಂದ ಟ್ರೇಲ್ ಸೆಂಟರ್‌ಗೆ ದಾರಿ, ಪಾರ್ಕಿಂಗ್‌ಗೆ ದುಡ್ಡು ಕಟ್ಟಬೇಕು. ಆಗಾಗ ಹೋಗುವವರು ವರ್ಷದ ಪಾಸ್ ಮಾಡಿಸುವುದು ಲಾಭ. ಆ ದುಡ್ಡು ದಾರಿಗಳ ರಿಪೇರಿಗೂ ಹೋಗುತ್ತದೆ, ಸಂತೋಷದಿಂದ ಕೊಡಿ. ಕಾರಿಲ್ಲದವರಿಗೆ ಹ್ಯಾಮಿಲ್ಟನ್ ನಗರದ ಬಸ್ಸುಗಳ ಮುಂದೆ ಸೈಕಲ್ ಇಡುವ ಚೌಕಟ್ಟು ಇದೆ. ಅದರಲ್ಲಿ ಮ್ಯಾಕ್‌ಮಾಸ್ಟರ್‌ವರೆಗೆ ಬಂದರೆ ರೈಲು ದಾರಿ ಹತ್ತಿರವೇ.

ನೀರು ಮನೆಯಿಂದಲೇ ತನ್ನಿ. ಸಲ್ಫರ್ ಸ್ಪ್ರಿಂಗ್ಸ್ ರಸ್ತೆಯ ಪಕ್ಕದಲ್ಲಿ ಹಳೆಯ ಗಂಧಕದ ಊಟೆ ಇದೆ, ಕೊಳೆತ ಮೊಟ್ಟೆಯ ವಾಸನೆ. ಹತ್ತೊಂಬತ್ತನೇ ಶತಮಾನದಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಜನ ಆ ನೀರಿಗಾಗಿ ಬರುತ್ತಿದ್ದರು, ಹೋಟೆಲ್ ಕೂಡ ಇತ್ತು. ನೋಡಿ, ಮೂಸಿ, ಕುಡಿಯಬೇಡಿ. ಬೇಸಿಗೆಯ ಸೆಕೆಗೆ ನಾನು ಉಪ್ಪು, ಇಂಗು, ಶುಂಠಿ ಹಾಕಿದ ನೀರುಮಜ್ಜಿಗೆ ಫ್ಲಾಸ್ಕ್‌ನಲ್ಲಿ ಒಯ್ಯುತ್ತೇನೆ. ತಿನ್ನಲು ಚಟ್ನಿಪುಡಿ, ತುಪ್ಪ ಸವರಿ ಸುತ್ತಿದ ಚಪಾತಿ ಸಾಕು. ಸಿಪ್ಪೆ, ಟಿಶ್ಯೂ ಎಲ್ಲ ವಾಪಸ್ ಚೀಲಕ್ಕೆ.

ಕತ್ತಲಿನ ಲೆಕ್ಕ ಇಟ್ಟುಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಐದು ಗಂಟೆಗೇ ಸೂರ್ಯ ಮುಳುಗಿರುತ್ತಾನೆ, ಕಣಿವೆಯ ತಳದಲ್ಲಿ ಅದಕ್ಕೂ ಮುಂಚೆ ಮಬ್ಬು. ಆಗ ಮೂರೂವರೆಗೆಲ್ಲ ವಾಪಸ್ ತಿರುಗಿ. ಯಾರಾದರೂ ಬಿದ್ದು ಪೆಟ್ಟಾದರೆ 911ಕ್ಕೆ ಫೋನ್ ಮಾಡಿ, ದಾರಿಯ ಹೆಸರು, ಹತ್ತಿರದ ಕವಲಿನ ಫಲಕ, ಕೊನೆಯದಾಗಿ ದಾಟಿದ ರಸ್ತೆ ಇಷ್ಟು ಹೇಳಿ. ಪ್ರತಿ ಕವಲಿನಲ್ಲೂ ಫಲಕದ ಕಡೆ ಒಮ್ಮೆ ನೋಡಿ ಮುಂದೆ ಹೋಗುವ ಅಭ್ಯಾಸ ಇದ್ದರೆ ಆ ಗಳಿಗೆಯಲ್ಲಿ ತಡವರಿಸಬೇಕಿಲ್ಲ.

ಮನೆಗೆ ಬಂದ ಮೇಲೆ ಸೈಕಲ್ಲನ್ನು ಮೆಲ್ಲಗಿನ ನೀರಿನಲ್ಲಿ ತೊಳೆದು, ಚೈನ್ ಒರೆಸಿ, ಒಣಗಿದ ಮೇಲೆ ಒಂದೊಂದು ಹನಿ ಎಣ್ಣೆ ಬಿಡಿ. ಜೋರಾಗಿ ಪೈಪ್ ಹಿಡಿದರೆ ಬೇರಿಂಗ್ ಒಳಗೆ ನೀರು ಹೋಗುತ್ತದೆ. ಟೈರಿನ ಗೀರುಗಳಲ್ಲಿ, ಶೂ ಅಡಿಯಲ್ಲಿ ಕೂತ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಗಾರ್ಲಿಕ್ ಮಸ್ಟರ್ಡ್ ಅಂತ ಒಂದು ಗಿಡ ಯುರೋಪಿನಿಂದ ಬಂದು ಇಲ್ಲಿನ ಕಾಡುಗಳಲ್ಲಿ ಹಬ್ಬಿ ಟ್ರಿಲಿಯಂನಂಥ ಗಿಡಗಳ ಜಾಗ ಹಿಡಿಯುತ್ತಿದೆ. ಅದರ ಸಣ್ಣ ಕಪ್ಪು ಬೀಜ ಊರೂರು ಸುತ್ತುವುದು ಇಂಥ ಮಣ್ಣಿನಲ್ಲೇ. ಮುಂದಿನ ವಾರ ಬೇರೆ ಕಾಡಿಗೆ ಹೋಗುವವರಿದ್ದರೆ ಇವತ್ತೇ ತೊಳೆದಿಡಿ.